ಎರ್ಮೆಸ್ ಒಲೆ ಬದಲಿಸಿದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಸೀನು. ಹೋದ ಫೆಬ್ರವರಿಯ ಒಂದು ಬೆಳಗ್ಗೆ ಐದು ಗಂಟೆಗೆ ಎರ್ಮೆಸ್ ಬೆನ್ನಬುಟ್ಟಿಯ ತುಂಬ ಸೌದೆ ಹೇರಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಹದಿನಾಲ್ಕನೆಯ ಮೆಟ್ಟಿಲಲ್ಲಿ ಸೀನು ಬಂತು. ಸೀನಿದ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಆಮೇಲೆ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಅರ್ಧ ಗಂಟೆ ಹಾಗೇ ಬಗ್ಗಿ ನಿಂತಿದ್ದ. ಕೊನೆಗೆ ಹೆಂಡತಿ ದಿರ್ಚೆ ಬಾಗಿಲು ತೆರೆದು ಇಣುಕಿದಳು. ಗಂಡ ಎಲ್ಲಿ ಹೋದ ಎಂದಲ್ಲ, ಅಡಿಗೆಮನೆ ಇನ್ನೂ ಯಾಕೆ ಬಿಸಿಯಾಗಿಲ್ಲ ಎಂದು.

ಎರ್ಮೆಸ್‌ಗೆ ಐವತ್ತೆಂಟು ವರ್ಷ. ನಮ್ಮೂರು ಪ್ರಾದಿಬಾಸದ ಪುರಸಭೆಯಲ್ಲಿ ಜನನ ಮರಣ ಬರೆದುಕೊಳ್ಳುವ ಕೆಲಸ. ಯಾರೂ ಅವನಿಗೆ ಎದುರು ಮಾತಾಡದ ಜಾಗ ಇಡೀ ಊರಿನಲ್ಲಿ ಅದೊಂದೇ. ಮದುವೆಯಾದ ಮೇಲೆ ಇಪ್ಪತ್ತೇಳು ಚಳಿಗಾಲ ಕಳೆದಿದ್ದವು. ಇಪ್ಪತ್ತೇಳರಲ್ಲೂ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದಿನಾ ಐದಕ್ಕೆ ಎದ್ದು, ಹಿತ್ತಲಿನ ಸೌದೆ ಕೊಟ್ಟಿಗೆಗೆ ಇಳಿದು, ಮೇಲೆ ಹೊತ್ತು ತಂದು, ಬೀಡುಕಬ್ಬಿಣದ ಹಳೆಯ ಒಲೆಗೆ ಬೆಂಕಿ ಹಾಕಿದವನು ಅವನೇ. ಬಗ್ಗಿ ನಿಂತ ಆ ಅರ್ಧ ಗಂಟೆಯಲ್ಲಿ ಅವನಿಗೆ ಬದುಕಿನಲ್ಲಿ ಮೊದಲ ಸಲ ಒಂದು ಸ್ವಂತ ಆಸೆ ಹುಟ್ಟಿತು. ಒಂದೇ ಒಂದು ಚಳಿಗಾಲ ಬೆಳಗ್ಗೆ ಏಳು ಗಂಟೆಯವರೆಗೆ ಮಲಗಬೇಕು. ಅದಕ್ಕೆ ಪೆಲೆಟ್ ಒಲೆ ತರಬೇಕು.

ಪೆಲೆಟ್ ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಬೆರಳ ಉಗುರಿನಷ್ಟುದ್ದದ ಗುಳಿಗೆ. ಒಲೆಯ ಬೆನ್ನಿನಲ್ಲಿರುವ ತೊಟ್ಟಿಗೆ ಒಂದು ಚೀಲ ಸುರಿದು ಗಂಟೆ ಗೊತ್ತುಮಾಡಿದರೆ ಆಯಿತು. ಗುಳಿಗೆಗಳು ತಾವಾಗಿಯೇ ಉದುರುತ್ತವೆ, ಬೆಂಕಿ ತಾನಾಗಿಯೇ ಹತ್ತುತ್ತದೆ, ಮನೆಯ ಯಜಮಾನ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾನೆ.

ಆದರೆ ಇಂಥದೊಂದನ್ನು ಆರಿಸುವುದು ಸುಲಭವಲ್ಲ. ಇಟಲಿಯ ಉತ್ತರ ತುದಿಯ ಬೆಟ್ಟಸೀಮೆ ನಮ್ಮ ಕಾರ್ನಿಯಾದ ಗಂಡಸರಿಗೆ ಹೆಂಡತಿಯನ್ನು ಆರಿಸಲು ಕುಣಿತದ ಒಂದು ಸಂಜೆ ಸಾಕು, ಒಲೆ ಆರಿಸಲು ಮೂರು ಋತು ಬೇಕು. ಬಾರಿಗೆ ಹೋಗಿ ನೋಡಿ. ಪ್ರತಿ ಮೇಜಿನ ಮೇಲೂ ವೈನಿನ ಲೋಟದ ಪಕ್ಕ ಒಂದು ನೀರಿನ ಲೋಟ, ಅದರೊಳಗೆ ನಾಲ್ಕು ಪೆಲೆಟ್. ಮುಳುಗಿದರೆ ಒಳ್ಳೆಯ ಮಾಲು, ತೇಲಿದರೆ ಕಳಪೆ. ಅದರ ಸುತ್ತ ಆರು ಜನ ಗಡ್ಡ ಕೆರೆದುಕೊಳ್ಳುತ್ತ, ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ ಕೂತಿರುತ್ತಾರೆ. ಆಸ್ಟ್ರಿಯಾದ ಸ್ಪ್ರೂಸ್ ಮರದ ಪೆಲೆಟ್ಟಿನವರದು ಒಂದು ಪಕ್ಷ, ಸ್ಲೊವೇನಿಯಾದ ಬೀಚ್ ಮರದ ಪೆಲೆಟ್ಟಿನವರದು ಇನ್ನೊಂದು. ಎರಡೂ ಕಡೆಯವರ ನಡುವೆ ಮದುವೆ ಸಂಬಂಧ ನಿಂತಿಲ್ಲ ಎನ್ನುವುದೊಂದೇ ಸಮಾಧಾನ.

ಎರ್ಮೆಸ್ ಈ ಪಂಡಿತರ ನಡುವೆ ವಸಂತ, ಬೇಸಿಗೆ, ಶರತ್ಕಾಲ ಮೂರನ್ನೂ ಕಳೆದ. ಮೂಸಿದ, ಮುರಿದ, ಒಮ್ಮೆ ಮರೆವಿನಲ್ಲಿ ನೀರಿನ ಲೋಟವನ್ನೇ ಎತ್ತಿ ಕುಡಿದ. ನಿಮ್ಮ ಅಡಿಗೆಮನೆಗೆ ಎಂಟು ಕಿಲೋವಾಟಿನ ಒಲೆ ಧಾರಾಳವಾಯಿತು ಎಂದು ಅಂಗಡಿಯವನು ಹೇಳಿದ್ದ. ಎಂಟಾ ಎಂದು ಇಡೀ ಬಾರು ನಕ್ಕಿತು. ಗಂಡಸಾದವನು ಎಂಟು ಕಿಲೋವಾಟ್ ತರುವುದೇ? ಎರ್ಮೆಸ್ ಹನ್ನೆರಡರದ್ದು ಹೇಳಿ ಬಂದ. ಅದರ ಮೈಗೆ ಹಾಲುಕೆನೆ ಬಣ್ಣದ ಪಿಂಗಾಣಿ ಬಿಲ್ಲೆಗಳನ್ನು ಹೇಳಿ ಮಾಡಿಸಿದ. ದಿರ್ಚೆ ಬಣ್ಣದ ಬಗ್ಗೆಯಾಗಲಿ ಒಲೆಯ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ. ಇಪ್ಪತ್ತೇಳು ವರ್ಷ ಸಂಸಾರ ಮಾಡಿಯೂ ಹೆಂಡತಿಯ ಮೌನವನ್ನು ಒಪ್ಪಿಗೆ ಎಂದುಕೊಳ್ಳುವ ಗಂಡಸಿನ ಬಗ್ಗೆ ನನಗಂತೂ ಕನಿಕರವಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಗ್ಗೆ ಎಂಟಕ್ಕೆ ಒಲೆ ಕೂರಿಸುವ ಲೋರಿಸ್ ತನ್ನ ವ್ಯಾನು ತಂದು ನಿಲ್ಲಿಸಿದ. ಹೆಚ್ಚು ಮಾತಿಲ್ಲದ, ಗಟ್ಟಿ ಆಳು. ಜೊತೆಗೆ ಮೆಟ್ಟಿಲು ಹತ್ತುವ ಕೈಗಾಡಿ, ಅದರ ಮೇಲೆ ನೂರೈವತ್ತು ಕಿಲೋ ತೂಕದ ಒಲೆ. ಪೆಲೆಟ್ಟಿನ ಎಪ್ಪತ್ತು ಚೀಲಗಳನ್ನು ಹಿಂದಿನ ದಿನವೇ ತಂದು ಸೌದೆ ಕೊಟ್ಟಿಗೆಯಲ್ಲಿ ಪೇರಿಸಿದ್ದಾಗಿತ್ತು.

ಮನೆ ಕಲ್ಲಿನದು, ಮೂರು ಅಂತಸ್ತು, ಮೇಲೊಂದು ಅಟ್ಟ. ಕೆಳಗೆ ಮಾರ್ಷಲ್ ಜೆಲಿಂದೊ, ಅರಣ್ಯ ಇಲಾಖೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಕಾಡು ತಮ್ಮದೇ ಎಂದುಕೊಂಡಿರುವವರು. ನಡುವೆ ಎರ್ಮೆಸ್ ಮತ್ತು ದಿರ್ಚೆ. ಮೇಲೆ ಅರ್ಮಿದಾ, ಎಂಬತ್ತೊಂದರ ವಿಧವೆ, ಊರಿಗೆಲ್ಲ ಅರ್ಮಿದತ್ತೆ.

ಕೈಗಾಡಿ ಮೊದಲ ಮೆಟ್ಟಿಲು ಮುಟ್ಟುವಷ್ಟರಲ್ಲಿ ಮಾರ್ಷಲ್ ಅಳತೆಪಟ್ಟಿ ಹಿಡಿದು ಹೊರಗೆ ಬಂದರು. ಮೆಟ್ಟಿಲು ನೂರೈವತ್ತು ಕಿಲೋ ತಡೆಯುವುದಿಲ್ಲ ಎಂದರು. ಲೋರಿಸ್ ಅವರ ಹೊಟ್ಟೆಯ ಕಡೆ ಒಮ್ಮೆ ನೋಡಿ, ನಿಮ್ಮನ್ನು ತಡೆದ ಮೆಟ್ಟಿಲು ಇದನ್ನೂ ತಡೆಯುತ್ತದೆ ಎಂದ. ಮಾರ್ಷಲ್ ಗೋಡೆ ಅಳೆದರು, ಬಾಗಿಲು ಅಳೆದರು, ಒಲೆ ಅಳೆದರು, ಯಾವುದೋ ಕಾಯ್ದೆಯ ಯಾವುದೋ ಕಲಮು ಹೇಳಿದರು. ಒಂಬತ್ತೂವರೆಯಾಯಿತು.

ಎರ್ಮೆಸ್‌ನ ಬಾಗಿಲ ಮುಂದೆ, ಎರಡು ಮೆಟ್ಟಿಲುಸಾಲುಗಳ ನಡುವಿನ ಅಂಕಣದಲ್ಲಿ ಅರ್ಮಿದತ್ತೆ ಕುರ್ಚಿ ಹಾಕಿಕೊಂಡು ದಾರಿಗೆ ಅಡ್ಡ ಕೂತಿದ್ದರು. ಮೇಲೆ ಹೋಗುತ್ತಿದ್ದಾಗ ಉಸಿರು ಕಟ್ಟಿತಂತೆ. ಕೈಯಲ್ಲಿ ಹೆಣಿಗೆ ಬೇರೆ ಇತ್ತು, ಉಸಿರು ಕಟ್ಟಬಹುದೆಂದು ಮೊದಲೇ ಗೊತ್ತಿದ್ದವರ ಹಾಗೆ. ಅಲ್ಲಿ ಕೂತೇ ಪೆಲೆಟ್ಟಿನ ಶಾಖದ ಕತೆಗಳನ್ನು ಶುರುಮಾಡಿದರು. ಅದು ಒಣ ಶಾಖ, ಮೂಗಿನಲ್ಲಿ ರಕ್ತ ಬರುತ್ತದೆ. ಕೆಳ ಕಣಿವೆಯಲ್ಲಿ ಒಬ್ಬನ ಒಲೆಯ ಫ್ಯಾನು ಗುಂಯ್ ಅಂದೂ ಅಂದೂ ಅವನ ಹೆಂಡತಿ ತವರಿಗೆ ಹೋದಳು. ಇನ್ನೊಬ್ಬನ ಹಕ್ಕಿ ಸತ್ತಿತು.

"ಕಟ್ಟಿಗೆ ಬೆಂಕಿ ಅಂದ್ರೆ ಮನುಷ್ಯರ ಬೆಂಕಿ ಕಣಪ್ಪ," ಎಂದರು. "ಬೆಳಗ್ಗೆ ಐದಕ್ಕೆ ನಿನ್ನ ಒಲೆ ಬಾಗಿಲು ಕಿರ್ ಅನ್ನೋದು ಕೇಳಿದ್ರೆ ನಂಗೆ ಇನ್ನೂ ಬದುಕಿದೀನಿ ಅನ್ಸುತ್ತೆ."

ಎರ್ಮೆಸ್‌ನ ಕಣ್ಣು ತೇವವಾಯಿತು. ತನ್ನ ಒಲೆಯ ಮೇಲೆ ಮುದುಕಿಗೆ ಇಷ್ಟು ಪ್ರೀತಿಯೇ ಎಂದುಕೊಂಡ. ಆದರೂ ಆಸೆ ದೊಡ್ಡದು. ಲೋರಿಸ್ ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಪಕ್ಕಕ್ಕಿಟ್ಟ. ಹನ್ನೊಂದಕ್ಕೆ ಹೊಸ ಒಲೆ ಅಂಕಣಕ್ಕೆ ಬಂತು. ಹನ್ನೊಂದೂವರೆಗೆ ಹಳೆಯ ಒಲೆ, ಬೂದಿ ಸುರಿಸುತ್ತ, ಅಡಿಗೆಮನೆಯಿಂದ ಹೊರಗೆ ಬಂತು. ಎರಡೂ ಎದುರುಬದುರು ನಿಂತವು. ಅಡಿಗೆಮನೆ ಬಾವಿಯ ಹಾಗೆ ತಣ್ಣಗಾಯಿತು. ದಿರ್ಚೆ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು ಆಲೂಗಡ್ಡೆ ಸುಲಿಯತೊಡಗಿದಳು.

ಈಗ ಲೋರಿಸ್ ಅಟ್ಟದ ಕೀಲಿ ಕೇಳಿದ. ಪೆಲೆಟ್ ಒಲೆಗೆ ಹಳೆಯ ಹೊಗೆಗೂಡು ಹಾಗೇ ಆಗುವುದಿಲ್ಲ, ಮೇಲಿನಿಂದ ಕೆಳಗಿನವರೆಗೆ ಅದರೊಳಗೆ ಉಕ್ಕಿನ ಕೊಳವೆ ಇಳಿಸಬೇಕು, ಅದಕ್ಕೆ ಮೊದಲು ಅಟ್ಟದಲ್ಲಿ ಹೊಗೆಗೂಡನ್ನು ನೋಡಬೇಕು ಎಂದ. ಅಟ್ಟದ ಕೀಲಿ ಇರುವುದು ಅರ್ಮಿದತ್ತೆಯ ಹತ್ತಿರ. ಅತ್ತೆ ಹುಡುಕಿದರು. ಸಕ್ಕರೆ ಡಬ್ಬದಲ್ಲಿ ಹುಡುಕಿದರು, ಗಂಡನ ಬೂಟಿನಲ್ಲಿ ಹುಡುಕಿದರು, ಪ್ರಾರ್ಥನೆ ಪುಸ್ತಕದ ಹಾಳೆ ಹಾಳೆ ಬಿಡಿಸಿ ಹುಡುಕಿದರು. ಎರ್ಮೆಸ್ ಅವರ ಮಂಚದ ಕೆಳಗೆ ತೆವಳಿದ. ಸೊಂಟ ಮತ್ತೆ ಲಟಕ್ಕೆಂದಿತು.

ಅವನನ್ನು ಎಳೆದು ಹೊರಗೆ ತೆಗೆಯುವಾಗ ಮಾರ್ಷಲ್ ಒಂದು ಸಂಗತಿ ಹೊರಗೆ ಬಿಟ್ಟರು. ಅಟ್ಟದಲ್ಲಿ ಬಾವಲಿಗಳು ಚಳಿಗಾಲದ ನಿದ್ದೆಯಲ್ಲಿವೆ. ಅವನ್ನು ಎಬ್ಬಿಸುವುದು ಅಪರಾಧ. ಇದನ್ನು ಅವರು ಎದೆ ಮುಂದೆ ಮಾಡಿ, ಹಳೆಯ ಟೋಪಿ ಇದೆಯೋ ಎಂದು ತಲೆ ಮುಟ್ಟಿಕೊಂಡು ಹೇಳಿದರು. ಬಾವಲಿಗಳಿಗೆ ಏಪ್ರಿಲ್‌ವರೆಗೆ ಮಲಗಲು ಕಾನೂನಿದೆ, ನನಗೆ ಏಳು ಗಂಟೆಯವರೆಗೂ ಇಲ್ಲವೇ ಎಂದು ಎರ್ಮೆಸ್ ಕೇಳಿದ. ಬಾವಲಿಗಳು ಅಳಿವಿನ ಅಂಚಿನಲ್ಲಿವೆ, ನಿನ್ನಂಥವರು ಬೇಕಾದಷ್ಟಿದ್ದಾರೆ ಎಂದು ಮಾರ್ಷಲ್ ಹೇಳಿದರು.

ಲೋರಿಸ್ ಭುಜ ಕುಣಿಸಿದ. ಹಾಗಾದರೆ ಹೊರಗಿನಿಂದ ಛಾವಣಿ ಹತ್ತಿ ಚಿಮಣಿಯ ಬಾಯಿಂದಲೇ ಕೊಳವೆ ಇಳಿಸುತ್ತೇನೆ ಎಂದ. ಇದನ್ನು ಕೇಳಿದ್ದೇ ತಡ, ಅರ್ಮಿದತ್ತೆಗೆ ಅತಿಥಿ ಸತ್ಕಾರದ ನೆನಪಾಯಿತು. ಚಳಿ ಬಹಳ ಎಂದು ಲೋರಿಸ್‌ಗೆ ಒಂದು ಲೋಟ ಗ್ರಾಪ್ಪಾ ಸಾರಾಯಿ ಕೊಟ್ಟರು, ಎರಡನೆಯದು ಕೊಟ್ಟರು, ಮೂರನೆಯದೂ ಕೊಟ್ಟರು. ಆಗ ಮಾರ್ಷಲ್ ಗಂಟಲು ಸರಿಮಾಡಿಕೊಂಡು, ಕುಡಿದವನು ಛಾವಣಿ ಹತ್ತುವುದು ನಿಷಿದ್ಧ ಎಂದರು. ಪಾಪ, ಲೋರಿಸ್ ಎಂಥ ಮನೆತನದವನೆಂದು ಅವರಿಗೆ ಗೊತ್ತಿರಲಿಲ್ಲ. ಅವನು ಬಾಯಿ ಒರೆಸಿಕೊಂಡು ಏಣಿ ಹತ್ತಿ ಹೋದ.

ಕೊಳವೆ ಇಳಿಯತೊಡಗಿತು. ಕೆಳಗೆ ಎರ್ಮೆಸ್ ಗೋಡೆಯ ತೂತಿಗೆ ಕಿವಿ ಕೊಟ್ಟು ಕೂತಿದ್ದ. ಕರಕರ ಸದ್ದು ಹತ್ತಿರ ಹತ್ತಿರ ಬಂತು, ಆಮೇಲೆ ನಿಂತಿತು. ಲೋರಿಸ್ ಮೇಲಿನಿಂದ ದಬ್ಬಿದ. ತಿರುಗಿಸಿದ. ಇನ್ನೊಮ್ಮೆ ದಬ್ಬಿದ. ಅಟ್ಟದೊಳಗೆ ಏನೋ ದಡದಡ ಉರುಳಿತು. ಅರ್ಮಿದತ್ತೆ ಎದೆ ಹಿಡಿದುಕೊಂಡರು. ಈ ಸಲದ ಉಸಿರು ನಿಜವಾಗಿಯೂ ಕಟ್ಟಿತ್ತು.

ಲೋರಿಸ್ ಕೊಳವೆಯನ್ನು ಮೇಲಕ್ಕೆಳೆದ. ಅದರ ತುದಿಗೆ ಬಿಗಿಯಾಗಿ ಸಿಕ್ಕಿಕೊಂಡು ಒಂದು ಹೊಂಬಣ್ಣದ ಗುಂಡನೆಯ ಮುದ್ದೆ ಹೊರಗೆ ಬಂತು. ಅವನು ಅದನ್ನು ಮೂಸಿದ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ, ನಿಧಾನವಾಗಿ ಜಗಿದ. ಆಮೇಲೆ ಛಾವಣಿಯ ಅಂಚಿಗೆ ಬಂದು ಬಗ್ಗಿದ.

"ಎರ್ಮೆಸ್ ಅವ್ರೇ, ನಿಮ್ಮ ಹೊಗೆಗೂಡಲ್ಲಿ ರಿಕೊತ್ತಾ ಚೀಸು ಬೆಳೆದಿದೆ. ಭಾಳ ಚೆನ್ನಾಗಿದೆ."

ಮರುಕ್ಷಣದಲ್ಲಿ ಅಟ್ಟದ ಕೀಲಿ ಸಿಕ್ಕಿತು. ಅದು ಅರ್ಮಿದತ್ತೆಯ ಏಪ್ರನ್ನಿನ ಜೇಬಿನಲ್ಲೇ ಇತ್ತು. ಉಸಿರು ಕಟ್ಟುವ ಎಂಬತ್ತೊಂದರ ಮುದುಕಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದರು. ಹಿಂದೆ ಮಾರ್ಷಲ್, ಅವರ ಹಿಂದೆ ದಿರ್ಚೆ, ಎಲ್ಲರಿಗಿಂತ ಕೊನೆಗೆ ಸೊಂಟ ಹಿಡಿದುಕೊಂಡು ಎರ್ಮೆಸ್.

ಅಟ್ಟದಲ್ಲಿ ಒಂದು ಬಾವಲಿಯೂ ಇರಲಿಲ್ಲ. ಹೊಗೆಗೂಡಿಗೆ ಅಂಟಿಸಿ ಹಲಗೆಯ ಸಣ್ಣ ಗೂಡು ಕಟ್ಟಿದ್ದರು. ಹೊಗೆಗೂಡಿನ ಇಟ್ಟಿಗೆ ನಾಲ್ಕು ತೆಗೆದು ಹೊಗೆ ಒಳಗೆ ಬರಲು ದಾರಿ, ಅದಕ್ಕೊಂದು ಪುಟ್ಟ ಕಬ್ಬಿಣದ ಬಾಗಿಲು. ಕೊಳವೆ ನುಗ್ಗಿದ್ದೂ ಅದೇ ದಾರಿಯಲ್ಲಿ. ಒಳಗೆ ಸಾಲುಸಾಲು ತಟ್ಟಿಗಳ ಮೇಲೆ, ಹಾಲೊಡಕಿನಿಂದ ತೆಗೆದು ಉಪ್ಪು ಸವರಿ ಹೊಗೆಗಿಟ್ಟ ರಿಕೊತ್ತಾಗಳು ನಲವತ್ತೋ ಐವತ್ತೋ ಇದ್ದವು. ನಮ್ಮ ಕಡೆ ಹೊಗೆಯ ರಿಕೊತ್ತಾ ಇಲ್ಲದೆ ಹಬ್ಬವಿಲ್ಲ. ಅದರಲ್ಲೂ ಅರ್ಮಿದತ್ತೆಯದೆಂದರೆ ಪಾದ್ರಿಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಬಾಯಿ ಬಿಡುತ್ತಾರೆ. ಅವರು ಎಲ್ಲಿ ಹೊಗೆ ಹಾಕುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿರದಿದ್ದವನು ಬೆಂಕಿ ಹಾಕುವವನೊಬ್ಬನೇ.

ಗೂಡಿನ ಬಾಗಿಲ ಮೇಲೆ ಒಂದು ಕ್ಯಾಲೆಂಡರು ತೂಗುಹಾಕಿತ್ತು. ಪ್ರತಿ ದಿನದ ಮನೆಯಲ್ಲೂ ಪೆನ್ಸಿಲಿನಲ್ಲಿ ಅತ್ತೆಯ ಕೈಬರಹ. ಎರ್ಮೆಸ್ ಕನ್ನಡಕ ಹಾಕಿಕೊಂಡು ಓದಿದ. 'ಎಂಟು ನಿಮಿಷ ತಡ.' 'ಒದ್ದೆ ಸೌದೆ. ದಿರ್ಚೆಗೆ ಹೇಳಿದೆ.' 'ಸ್ಪ್ರೂಸ್ ಹಾಕಿದ, ರಾಳದ ವಾಸನೆ. ಮಾರ್ಷಲ್ ಕೈಲಿ ಹೆದರಿಸಬೇಕು.' ಫೆಬ್ರವರಿಯ ಒಂದು ಮನೆಯಲ್ಲಿ ಬರೀ ಒಂದು ಪದ ಇತ್ತು: 'ಸೊಂಟ.' ಅದರ ಕೆಳಗೆ, ಬೇಸರದಿಂದ ಒತ್ತಿ ಬರೆದದ್ದು: 'ಹೊಗೆ ಇಲ್ಲ.'

ಪ್ರತಿ ವರ್ಷ ಹಬ್ಬಕ್ಕೆ ಅತ್ತೆ ಒಂದು ಕಟ್ಟು ಜೂನಿಪರ್ ಗಿಡದ ಘಮದ ಕಡ್ಡಿ ಕೊಟ್ಟು, ಒಲೆಗೆ ಹಾಕು ಮಗಾ, ಎದೆಗೆ ಒಳ್ಳೆಯದು ಎನ್ನುತ್ತಿದ್ದರು. ಅದು ಯಾರ ಎದೆಗೆ ಎಂದು ಈಗ ಗೊತ್ತಾಯಿತು. ಎರ್ಮೆಸ್ ಹೆಂಡತಿಯ ಕಡೆ ತಿರುಗಿದ.

"ನಿಂಗೂ ಗೊತ್ತಿತ್ತಾ?"

"ಮದ್ವೆಯಾದ ವರ್ಷದಿಂದ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಂಗೆ ಜಂಬ ಬರ್ತಿತ್ತು," ಎಂದಳು ದಿರ್ಚೆ. "ಜಂಬ ಬಂದ್ರೆ ನೀನು ಯಾವ ಕೆಲ್ಸಾನೂ ನೆಟ್ಟಗೆ ಮಾಡಲ್ಲ."

ಅರ್ಮಿದತ್ತೆ ಉರುಳಿಬಿದ್ದ ರಿಕೊತ್ತಾಗಳನ್ನು ಏಪ್ರನ್ನಿನಲ್ಲಿ ಒರೆಸುತ್ತಿದ್ದರು. ನಾಚಿಕೆಯ ಸುಳಿವೂ ಇರಲಿಲ್ಲ. "ನಿನ್ನ ಬೆಂಕಿ ಒಳ್ಳೆ ಬೆಂಕಿ ಕಣಪ್ಪ, ಸುಳ್ಳು ಯಾಕೆ ಹೇಳ್ಲಿ," ಎಂದರು. "ನಿಂಗೆ ಬರೋದು ಅದೊಂದೇ. ಅದನ್ನೂ ಬಿಟ್ಬಿಟ್ರೆ ಹೇಗೆ?"

ಎರ್ಮೆಸ್ ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿದ. ಇಪ್ಪತ್ತೇಳು ವರ್ಷ ಹೊತ್ತಿದ್ದೇನೆ, ಇನ್ನು ಆಗುವುದಿಲ್ಲ, ರಿಕೊತ್ತಾ ಏನಾದರೂ ಆಗಲಿ, ನಾನು ಏಳು ಗಂಟೆಯವರೆಗೆ ಮಲಗುವವನೇ ಎಂದ. ಆ ಒಂದು ಗಳಿಗೆ ನನಗೂ ಅವನು ಮನುಷ್ಯನೆನಿಸಿದ. ಆಮೇಲೆ ಅವನು ಲೋರಿಸ್‌ನನ್ನು ಸಾಕ್ಷಿಗೆ ಕರೆದು ಕೆಡಿಸಿಕೊಂಡ.

ಲೋರಿಸ್ ನಿಯಮ ಹೇಳಿದ. ಒಡೆದ ಹೊಗೆಗೂಡಿನಲ್ಲಿ ಕೊಳವೆ ಇಳಿಸುವ ಹಾಗಿಲ್ಲ. ಮೊದಲು ಗಾರೆಯವನು ಬಂದು ತೂತು ಮುಚ್ಚಬೇಕು. ಹೊಗೆಗೂಡು ಇಡೀ ಮನೆಗೆ ಸೇರಿದ್ದು, ಮುಚ್ಚಲು ಮೂರೂ ಅಂತಸ್ತಿನ ಮಾಲೀಕರ ಸಹಿ ಬೇಕು. ಅರ್ಮಿದತ್ತೆ ಸಹಿ ಹಾಕುವುದಿಲ್ಲ ಎಂದರು. ತಿಂಗಳಿಗೊಂದು ರಿಕೊತ್ತಾ ಲಂಚ ತಿನ್ನುವ ಮಾರ್ಷಲ್ಲೂ, ಇದು ತತ್ವದ ಪ್ರಶ್ನೆ ಎಂದು, ಹಾಕುವುದಿಲ್ಲ ಎಂದರು.

"ನಡು ಅಂತಸ್ತಿನ ಮಾಲೀಕ ನಾನು," ಎಂದ ಎರ್ಮೆಸ್. "ನಾನು ಹಾಕ್ತೀನಿ. ಕೋರ್ಟಿಗೆ ಹೋಗ್ತೀನಿ."

"ಮನೆ ನಮ್ಮಪ್ಪಂದು," ಎಂದಳು ದಿರ್ಚೆ. "ಕಾಗದದಲ್ಲಿ ನನ್ನ ಹೆಸರಿದೆ."

ಊರಿನವರ ಹುಟ್ಟು ಸಾವೆಲ್ಲ ಬಾಯಿಪಾಠವಿದ್ದವನಿಗೆ ತಾನಿರುವ ಮನೆ ಯಾರದೆಂಬುದು ಮರೆತುಹೋಗಿತ್ತು. ಎರ್ಮೆಸ್ ಅಟ್ಟದ ತೊಲೆಯ ಮೇಲೆ ಕೂತುಬಿಟ್ಟ.

ಉಳಿದದ್ದು ಅಂಕಣದಲ್ಲಿ ನಿಂತಿದ್ದ ಹಾಲುಕೆನೆ ಬಣ್ಣದ ಒಲೆ. ಹೇಳಿ ಮಾಡಿಸಿದ ಬಣ್ಣ, ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಅಂಕಣದಲ್ಲೇ ಬಿಡುವ ಹಾಗೂ ಇಲ್ಲ, ಓಡಾಡುವ ದಾರಿಗೆ ಅಡ್ಡವಾಗುತ್ತದೆಂದು ಮಾರ್ಷಲ್ ಇನ್ನೊಂದು ಕಲಮು ಹೇಳಿದರು. ಎಲ್ಲರೂ ಯೋಚನೆಯಲ್ಲಿ ಬಿದ್ದರು. ಆಗ ಅರ್ಮಿದತ್ತೆ, ಬಹಳ ಸಂಕೋಚದಿಂದ, ತಮ್ಮ ಅಡಿಗೆಮನೆಗೆ ಬೇರೆಯೇ ಒಂದು ಹೊಗೆಗೂಡು ಇದೆ, ನೆಟ್ಟಗಿದೆ, ತೂತಿಲ್ಲ, ಇಷ್ಟು ದಿನ ಸಿಲಿಂಡರಿನ ಹೀಟರಿನಲ್ಲಿ ಹೇಗೋ ಕಾಲ ಹಾಕಿದೆ ಎಂದರು.

"ಒಲೆ ನಿಂದೇ ಮಗಾ. ನಾನು ಸುಮ್ನೆ ನೋಡ್ಕೋತೀನಿ. ನಾನು ಹೋದ್ಮೇಲೆ ನೀನೇ ತಗೊಂಡ್ಹೋಗು."

ಎರ್ಮೆಸ್ ಲೆಕ್ಕ ಹಾಕಿದ. ಅವರ ಮನೆತನದ ಮರಣಗಳನ್ನೆಲ್ಲ ಅವನೇ ದಾಖಲೆಯಲ್ಲಿ ನೋಡಿದ್ದ. ತಾಯಿ ನೂರ ಎರಡಕ್ಕೆ ಹೋಗಿದ್ದರು. ಅಜ್ಜಿ ತೊಂಬತ್ತೊಂಬತ್ತಕ್ಕೆ, ಅದೂ ಮರದಿಂದ ಬಿದ್ದು.

ಮುಂದಿನ ಕೆಲಸ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಯಿತು. ಬೆಳಗ್ಗೆ ನೂರೈವತ್ತು ಕಿಲೋ ತಡೆಯದಿದ್ದ ಮೆಟ್ಟಿಲು ಈಗ ಒಲೆಯ ಜೊತೆಗೆ ಅದನ್ನು ಹಿಂದಿನಿಂದ ನೂಕುತ್ತಿದ್ದ ಮಾರ್ಷಲ್‌ರನ್ನೂ ತಡೆಯಿತು. ಒಣ ಶಾಖದ ಮೂಗಿನ ರಕ್ತವಾಗಲಿ, ಸತ್ತ ಹಕ್ಕಿಯಾಗಲಿ ಯಾರಿಗೂ ನೆನಪಾಗಲಿಲ್ಲ. ಹಳೆಯ ಒಲೆ ಮರಳಿ ತನ್ನ ಜಾಗಕ್ಕೆ ಹೋಯಿತು. ರಿಕೊತ್ತಾಗಳು ತಟ್ಟಿಗೆ ಏರಿದವು. ಅರ್ಧ ದಿನದ ಹೊಗೆ ತಪ್ಪಿದೆ, ಬೇಗ ಹಚ್ಚು ಎಂದು ದಿರ್ಚೆ ಅವಸರ ಮಾಡಿದಳು. ಎರ್ಮೆಸ್ ಸೌದೆ ತಂದು ಬೆಂಕಿ ಹಾಕಿದ. ಕೈ ತಾನಾಗಿಯೇ ಜೂನಿಪರ್ ಕಡ್ಡಿಯ ಕಡೆ ಹೋಯಿತು. ಇನ್ನು ಅದನ್ನು ಬೇಕೆಂದು ಬಿಡಲೂ ಧೈರ್ಯವಾಗಲಿಲ್ಲ, ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ.

ಸಂಜೆ ಐದೂವರೆಗೆ ಅರ್ಮಿದತ್ತೆಯ ಅಡಿಗೆಮನೆಯಲ್ಲಿ ಪೆಲೆಟ್ ಒಲೆ ಹತ್ತಿತು. ಹನ್ನೆರಡು ಕಿಲೋವಾಟ್ ಎಂದರೆ ಏನೆಂದು ಆಗ ತಿಳಿಯಿತು. ಹತ್ತು ನಿಮಿಷದಲ್ಲಿ ಮಾರ್ಷಲ್ ಕೋಟು ಬಿಚ್ಚಿದರು, ಲೋರಿಸ್ ಸ್ವೆಟರು ಬಿಚ್ಚಿದ, ದಿರ್ಚೆ ಬೂಟು ಕಳಚಿ ಕಾಲನ್ನು ಗಾಜಿನ ಕಡೆ ಚಾಚಿ ಕಣ್ಣು ಮುಚ್ಚಿದಳು. ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಬಿಸಿ ಪೊಲೆಂಟಾದ ಮೇಲೆ, ಕೊಳವೆಗೆ ಸಿಕ್ಕಿದ್ದ ರಿಕೊತ್ತಾವನ್ನು ತುರಿದು ಎಲ್ಲರಿಗೂ ಬಡಿಸಿದರು. ಎರ್ಮೆಸ್ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ತಿಂದ. ರುಚಿ ಬಹಳ ಚೆನ್ನಾಗಿತ್ತು. ಅದರಿಂದ ಅವನಿಗೆ ಇನ್ನಷ್ಟು ಸಂಕಟವಾಯಿತು.

ಬೆಳಗ್ಗೆ ಎಷ್ಟು ಗಂಟೆಗೆ ತಾನಾಗಿಯೇ ಹತ್ತಬೇಕು ಎಂದು ಲೋರಿಸ್ ಕೇಳಿದ. ಏಳಕ್ಕೆ ಸಾಕಪ್ಪ, ಈ ವಯಸ್ಸಿನಲ್ಲಿ ಅದಕ್ಕೂ ಮುಂಚೆ ಏಳುವುದು ಯಾರ ಕೈಲಾಗುತ್ತದೆ ಎಂದರು ಅರ್ಮಿದತ್ತೆ. ಲೋರಿಸ್ ಗುಂಡಿ ಒತ್ತಿದ. ಆಮೇಲೆ ಒಲೆಯ ಬೆನ್ನಿನ ಮುಚ್ಚಳ ಎತ್ತಿ, ದಿನಕ್ಕೆ ಒಂದು ಚೀಲ ಇದರಲ್ಲಿ ಸುರಿಯಬೇಕು, ಒಂದೊಂದು ಹದಿನೈದು ಕಿಲೋ, ಚೀಲಗಳೆಲ್ಲ ಕೆಳಗೆ ಸೌದೆ ಕೊಟ್ಟಿಗೆಯಲ್ಲಿವೆ ಎಂದು ವಿವರಿಸಿದ.

ಅತ್ತೆ ತೊಟ್ಟಿಯೊಳಗೆ ಇಣುಕಿದರು. ತಳ ಕಾಣುತ್ತಿತ್ತು. ತಲೆ ಎತ್ತಿ, ಪ್ರೀತಿಯಿಂದ, ಬಾಗಿಲ ಕಡೆ ನೋಡಿದರು.

"ಎರ್ಮೆಸ್, ನೀನು ಹೇಗೂ ಐದಕ್ಕೆ ಕೆಳಗೆ ಇಳಿತೀಯಲ್ಲ ಮಗಾ. ಬರ್ತಾ ಒಂದು ಚೀಲ ಇಲ್ಲಿಗೂ ತಂದ್ಬಿಡು. ಇವತ್ತಿಂದು ಈಗ್ಲೇ ತಂದ್ರೆ ಒಳ್ಳೇದು."

ಎರ್ಮೆಸ್ ಹೆಂಡತಿಯ ಕಡೆ ನೋಡಿದ. ದಿರ್ಚೆ ಕಣ್ಣು ತೆರೆಯಲಿಲ್ಲ. ಅವನು ಸೊಂಟಕ್ಕೆ ಕೈ ಕೊಟ್ಟು ಎದ್ದು ಹೊರಗೆ ಹೋದ. ಬಾಗಿಲು ಎಳೆದುಕೊಂಡು ಹೋಗು, ಬಿಸಿಯೆಲ್ಲ ಹೊರಟುಹೋಗುತ್ತದೆ ಎಂದು ಮಾರ್ಷಲ್ ಹಿಂದಿನಿಂದ ಕೂಗಿ ಹೇಳಿದರು.